ಬುಗುರಿಯ ತೇಲಂಗಿ

ಆಕೆಯನ್ನು ಮನೆಯವರೆಲ್ಲ ಬುಗುರಿ ಎನ್ನುತ್ತಿದ್ದರು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹೆಂಗಸಿಗೆ ಬೇರೆ ಹೆಸರು ಹೇಗೆ ಒಪ್ಪೀತು? ಇಂಥವಳು ಇಪ್ಪತ್ತೆರಡು ವರ್ಷ ಗೋಡೆಗೆ ಮುಖ ಮಾಡಿ ಹೊಲಿಗೆ ಯಂತ್ರದ ಮುಂದೆ ಕೂತದ್ದೇ ಸೋಜಿಗ. ಕಾಲು ಪೆಡಲಿನ ಮೇಲೆ ಕುಣಿಯುತ್ತಿತ್ತಲ್ಲ, ಅದಕ್ಕೇ ತಡೆದುಕೊಂಡಳು ಎಂದು ಅವಳ ತಮ್ಮ ನಗುತ್ತಿದ್ದ.

ಈ ತಮ್ಮ ನೀರಿನಾಳಕ್ಕೆ ಇಳಿಯುವುದನ್ನು ಕಲಿಸುವ ಮೇಷ್ಟ್ರು. ಮೀನಿನ ಪ್ರದರ್ಶನಾಲಯದ ಎರಡು ಮಹಡಿ ಎತ್ತರದ ತೊಟ್ಟಿಯಲ್ಲಿ ಮುಳುಗಿ ಗಾಜು ಒರೆಸುವ ಕೆಲಸ ಖಾಲಿ ಇದೆ ಎಂದು ಅವನು ಬಾಯಿತಪ್ಪಿ ಅಂದದ್ದೇ ತಡ, ಎಲ್ಲೂ ಕೂರದವಳು ಅದೊಂದನ್ನು ಹಿಡಿದು ಕೂತಳು. ಇನ್ನು ಸಾಯುವ ತನಕ ಆ ಗೋಡೆ ನೋಡಲಾರೆ ಎಂದಳು. ಮೂರು ತಿಂಗಳು ಕಲಿತಳು. ಉಳಿದದ್ದು ಒಂದೇ ಪರೀಕ್ಷೆ. ಸೋಮವಾರ ಬೆಳಿಗ್ಗೆ ತೊಟ್ಟಿಯ ನಟ್ಟನಡುವೆ, ತಳ ಮುಟ್ಟದೆ, ಮೇಲೇಳದೆ, ಮೂರು ನಿಮಿಷ ತೇಲಿ ನಿಲ್ಲಬೇಕು. ನಿಂತರೆ ಕೆಲಸ, ಇಲ್ಲದಿದ್ದರೆ ಮತ್ತೆ ಗೋಡೆ.

ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಳ್ಳಲು ಒಂದು ಅಂಗಿ ಇರುತ್ತದೆ. ಅದಕ್ಕೆ ಗಾಳಿ ತುಂಬಿದರೆ ಮನುಷ್ಯ ಮೇಲೇಳುತ್ತಾನೆ, ಬಿಟ್ಟರೆ ಇಳಿಯುತ್ತಾನೆ. ಬಾಡಿಗೆಗೆ ತಂದದ್ದು ಅವಳ ಕಿವಿಯ ತನಕ ಏರಿ ಕೂರುತ್ತಿತ್ತು; ಅದರಲ್ಲಿ ಒಂದು ನಿಮಿಷವೂ ನಿಂತಿರಲಿಲ್ಲ. ಅಂಗಡಿಯವರು ಅದಕ್ಕೆ ಬಿಸಿಡಿ ಎನ್ನುತ್ತಾರೆ. ಬುಗುರಿ ಮಾತ್ರ ತೇಲುವ ಅಂಗಿ, ತೇಲಂಗಿ ಅಂದಳು. ಆ ಹೆಸರೇ ಅವಳನ್ನು ಕೆಡಿಸಿತು.

ಸ್ವಂತಕ್ಕೊಂದು ಕೊಳ್ಳೋಣ, ಶನಿವಾರ ತಾನೇ ಅಂಗಡಿಗೆ ಜೊತೆಗೆ ಬಂದು ಆರಿಸಿಕೊಡುತ್ತೇನೆ ಎಂದಿದ್ದ ತಮ್ಮ. ಅಲ್ಲಿಯ ತನಕ ಕಾಯುವ ಜೀವವೇ ಅದು? ಶುಕ್ರವಾರ ಅಂಗಡಿ ತೆರೆಯುವ ಮೊದಲೇ ಹೋಗಿ ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದಳು. ಒಳಗೆ ಹೋದವಳು ಅಂಗಿ ನೋಡುವ ಹಾಗೆಯೇ ನೋಡಿದಳು. ಒಳಮಗ್ಗುಲು ತಿರುಗಿಸಿದಳು, ಹೊಲಿಗೆ ಎಳೆದು ನೋಡಿದಳು, ಬಟ್ಟೆಯನ್ನು ಬೆರಳಲ್ಲಿ ಉಜ್ಜಿದಳು. ಗಾಳಿ ತುಂಬಿ ನೋಡಿ ಎಂದು ಅಂಗಡಿಯವಳು ಬಾಯಿ ತೆರೆಯುವಷ್ಟರಲ್ಲಿ, ಮೈಗೆ ಅಚ್ಚು ಹೊಯ್ದ ಹಾಗಿದೆ ಎಂದು ಒಂದನ್ನು ಕಟ್ಟಿಸಿಕೊಂಡು ಬಂದೇಬಿಟ್ಟಳು.

ಮನೆಯಲ್ಲಿ ಕನ್ನಡಿಯ ಮುಂದೆ ತೊಟ್ಟು, ಕೊಳವೆಗೆ ಬಾಯಿಟ್ಟು ಊದಿದಳು. ಅಂಗಿ ಉಬ್ಬಿ ಉಬ್ಬಿ ಪಕ್ಕೆಲುಬು ಹಿಂಡತೊಡಗಿತು. ಅರ್ಧಕ್ಕಿಂತ ಹೆಚ್ಚು ಉಸಿರು ಒಳಗೆ ಹೋಗಲೊಲ್ಲದು. ಬೇರೆಯವಳಾಗಿದ್ದರೆ ಅಂಗಡಿಗೆ ವಾಪಸು ಒಯ್ಯುತ್ತಿದ್ದಳು. ಇವಳೋ ಹೊಲಿಗೆಯವಳು, ಬಿಗಿಯಾದರೆ ಪಕ್ಕ ಬಿಚ್ಚಿ ಹೊಲಿದರಾಯಿತು! ಅಂಗಿ ಕಳಚಿ ಮೇಜಿನ ಮೇಲೆ ಹರಡಿ, ಬಾಯಲ್ಲಿ ಪಿನ್ನುಗಳನ್ನು ಕಚ್ಚಿಕೊಂಡು, ಒಂದೊಂದೇ ತೆಗೆದು ಗುರುತಿಗೆ ಚುಚ್ಚಿದಳು.

ನಾಲ್ಕನೆಯದು ಚುಚ್ಚುವಾಗ ತಮ್ಮ ಬಂದ. ಬಾಗಿಲಲ್ಲೇ ನಿಂತುಬಿಟ್ಟ.

"ಅಕ್ಕಾ, ಅದೇನು ಮಾಡ್ತಾ ಇದೀಯ?"

"ಚೂರು ಬಿಗಿ ಕಣೋ. ಪಕ್ಕ ಬಿಡ್ತೀನಿ, ಅರ್ಧ ಗಂಟೆ ಕೆಲಸ."

"ಅದು ಬಲೂನು ಕಣಕ್ಕ. ಬಲೂನಿಗೆ ಯಾರಾದ್ರೂ ಪಿನ್ನು ಹಾಕ್ತಾರಾ?"

ಬಚ್ಚಲಿನ ಟಬ್ಬಿನಲ್ಲಿ ಅದ್ದಿ ನೋಡಿದರು. ನಾಲ್ಕು ಕಡೆಯಿಂದ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಎದ್ದವು. ತಮ್ಮ ಬೈಯಲಿಲ್ಲ, ಅದೇ ಅವಳಿಗೆ ಹೆಚ್ಚು ಉರಿಯಿತು. ಆ ರಾತ್ರಿ ಮಗ್ಗುಲು ಬದಲಿಸಿ ಬದಲಿಸಿ ಹಾಸಿಗೆಯೇ ಹಗ್ಗವಾಯಿತು.

ಮಾರನೆಯ ದಿನ ಇಬ್ಬರೂ ಅದೇ ಅಂಗಡಿಗೆ ಹೋದರು. ಪಿನ್ನು ಚುಚ್ಚಿದ್ದನ್ನು ವಾಪಸು ಕೇಳುವ ಬಾಯಿ ಎಲ್ಲಿಂದ ಬರಬೇಕು? ಬಳಸಿದ್ದು ಏನಾದರೂ ಇದೆಯೇ ಎಂದು ಕೇಳಿದರು. ಅಂಗಡಿಯವಳು ಮೊದಲು ನೀರಿಗಿಳಿಯುವ ದಪ್ಪ ಉಡುಪು ತೊಡಿಸಿ, ಅದರ ಮೇಲೆ ಅಳತೆ ಟೇಪು ಸುತ್ತಿದಳು. ಊರವರ ಅಳತೆಯೆಲ್ಲ ತೆಗೆದವಳ ಮೈಗೆ ಇನ್ನೊಬ್ಬರ ಟೇಪು ತಾಗಿದ್ದು ಅದೇ ಮೊದಲು. ಬುಗುರಿ ಹೊಟ್ಟೆ ಒಳಗೆಳೆದುಕೊಂಡು ಸೆಟೆದು ನಿಂತಳು.

"ಉಸಿರು ಹಿಡ್ಕೋಬೇಡಿ ಅಮ್ಮ. ಹೇಗಿದೀರೋ ಹಾಗೇ ಇರಿ, ಇಲ್ಲದಿದ್ರೆ ಅಳತೆ ಸುಳ್ಳಾಗತ್ತೆ."

ತಮ್ಮ ಕಿಸಕ್ಕನೆ ನಕ್ಕ. ಇದೇ ಮಾತನ್ನು ಅಕ್ಕ ಎಷ್ಟು ಜನಕ್ಕೆ ಗದರಿ ಹೇಳಿದ್ದಳೋ!

ಕೊನೆಗೆ ಬಣ್ಣ ಮಾಸಿದ ಒಂದು ಸಿಕ್ಕಿತು. ಗಾಳಿ ತುಂಬಿದರೆ ಕಿವಿಗೂ ಏರಲಿಲ್ಲ, ಪಕ್ಕೆಯನ್ನೂ ಹಿಂಡಲಿಲ್ಲ. ಜೇಬಿನ ಹೊಲಿಗೆ ಮಾತ್ರ ಸೊಟ್ಟ. ಬುಗುರಿ ಆ ಕಡೆ ನೋಡದೆ ತುಟಿ ಬಿಗಿದುಕೊಂಡಳು.

ಸೋಮವಾರ ತೊಟ್ಟಿಯ ನಡುವೆ ನಿಂತಾಗ ಅವಳ ಕಾಲು ಇಲ್ಲದ ಪೆಡಲನ್ನು ಹುಡುಕಿತು. ಅಲ್ಲಾಡಬಾರದೆಂದು ಉಸಿರು ಬಿಗಿಹಿಡಿದಳು. ಹಿಡಿದದ್ದೇ ಮೊಳದಷ್ಟು ಮೇಲೆದ್ದಳು. ಅಂಗಡಿಯವಳ ಮಾತು ನೆನಪಾಯಿತು. ಬಿಟ್ಟಳು. ಉಸಿರು ಹೋದಾಗ ಗೇಣು ಇಳಿದಳು, ಬಂದಾಗ ಗೇಣು ಏರಿದಳು. ಯಂತ್ರದ ಸೂಜಿ ನಿಧಾನಕ್ಕೆ ಏರಿಳಿದ ಹಾಗೆ. ಕಾಲು ತಾನಾಗಿ ಸುಮ್ಮನಾಯಿತು. ಎದುರಿಗಿದ್ದ ತಮ್ಮ ಒಂದು ಬೆರಳು ತೋರಿಸಿದ, ಎಷ್ಟೋ ಹೊತ್ತಿನ ಮೇಲೆ ಎರಡು, ಆಮೇಲೆ ಮೂರು.

ಮೇಲೆ ಬಂದು ಬಾಯಿಂದ ಕೊಳವೆ ತೆಗೆದವಳೇ, ಗಾಜು ಒರೆಸುವ ಬಟ್ಟೆ ಎಲ್ಲಿದೆ ಎಂದು ಕೇಳಿದಳು.

"ಒಂದು ನಿಮಿಷ ಸುಮ್ಮನೆ ಕೂತ್ಕೋ ಅಕ್ಕ."

"ಈಗ ತಾನೆ ಮೂರು ನಿಮಿಷ ನಿಂತೆನಲ್ಲೋ, ಸಾಲದಾ?"