ಓಣಿಯ ಬೇವು, ಮದುವೆಯ ಹಾಸು

ಆ ಬೆಳಿಗ್ಗೆ ನಾರಾಯಣಪೇಟೆಯ ನಮ್ಮ ಓಣಿಯಲ್ಲಿ, ಆಡುಗಳನ್ನು ಬಿಟ್ಟರೆ, ಐವರಿದ್ದೆವು: ಕಟ್ಟೆಯ ಮೇಲೆ ಅಜ್ಜಿ, ಗಂಜಿಯ ಬಕೆಟ್ಟು ಹಿಡಿದ ನನ್ನ ಹೆಂಡತಿ, ತನ್ನ ಆಡುಗಳಿಗೆ ಬೇವಿನ ಸೊಪ್ಪು ಕಡಿಯಲು ದಿನಾ ಬರುವ, ಓಣಿಗೆಲ್ಲ ಮಾವನಾದ ಕುರುಬ, ಕೊಡಲಿಯವನು, ಅವನನ್ನು ಕರೆತಂದ ನಾನು. ತೆಲಂಗಾಣ ರಾಜ್ಯವಾದ ಹೊಸದು. ಆ ಹುರುಪಿನಲ್ಲಿ ಎಲ್ಲರೂ ಏನಾದರೊಂದು ಸುಧಾರಣೆ ಮಾಡುತ್ತಿದ್ದರು. ನನ್ನ ಕೈಗೆ ಸಿಕ್ಕಿದ್ದು ಬೇವಿನ ಮರ.

ಅದರ ತಪ್ಪೆಂದರೆ ಕಾಗೆಗಳು. ಸೀರೆಯ ಉದ್ದನೂಲಿಗೆ ನಾವು ಹಾಸು ಎನ್ನುತ್ತೇವೆ. ಅದನ್ನು ಓಣಿಯುದ್ದ ಬಿಗಿದು, ನೂಲು ಗಟ್ಟಿಯಾಗಲೆಂದು ಗಂಜಿ ಸವರಿದರೆ ಸಾಕು, ಮೇಲಿಂದ ಕಾಗೆಗಳು ತಮ್ಮ ಚಿತ್ತಾರ ಸೇರಿಸುತ್ತಿದ್ದವು. ತಿಂಗಳಲ್ಲಿ ಮಗಳ ಮದುವೆ. ನೇಕಾರರ ಹುಡುಗಿ ಮನೆಯ ಮಗ್ಗದ ಸೀರೆಯುಟ್ಟೇ ಹಸೆಗೆ ಕೂಡಬೇಕು; ಅಂಗಡಿಯದು ಉಟ್ಟರೆ ಗದ್ವಾಲದ ಬೀಗರು ಮೊಮ್ಮಕ್ಕಳ ಕಾಲಕ್ಕೂ ಆಡಿಕೊಳ್ಳುತ್ತಾರೆ. ಹಾಗಾಗಿ ಮರ ಬಿತ್ತು. ಅಜ್ಜಿ ಬೇಡವೆಂದಿದ್ದಳು, ನಾನು ಕೇಳಿಸಿಕೊಂಡಿರಲಿಲ್ಲ.

ಮರುದಿನ ಮದುವೆಯ ಹಾಸು ಚಾಚಿದೆವು. ಒಂದೂ ಕಾಗೆಯಿಲ್ಲ. ನಾನು ಮೀಸೆ ತಿರುವುತ್ತಿರುವಾಗಲೇ ಬಿಸಿಲು ಗಂಜಿಯನ್ನು ಹಪ್ಪಳ ಮಾಡಿತು. ನೆರಳಲ್ಲಿ ನಿಧಾನವಾಗಿ ಒಣಗಬೇಕಾದ ನೂಲು ಮಗ್ಗಕ್ಕೇರಿದ ಮೇಲೆ ಪಟಪಟ ಹರಿಯತೊಡಗಿತು. ಗಂಟು ಹಾಕಿ ಹಾಕಿ ಹೆಂಡತಿ ನನ್ನ ಮುಖ ನೋಡುವುದನ್ನೇ ಬಿಟ್ಟಳು.

"ಮನ್ಯಾಗ ದುಡಿಯೋರು ನಾಕ ಮಂದಿ ಅನ್ಕೊಂಡಿದ್ದಿ," ಎಂದಳು ಅಜ್ಜಿ. "ಐದನೇದು ಹೊರಗ ನಿಂತಿತ್ತು. ಅದನ್ನ ಕಡದಿ."

ಮಾವನೂ ಸುಮ್ಮನಿರಲಿಲ್ಲ. "ನಾ ಕೊಂಬಿ ಕಡದ್ರ ಆಡಾರ ತಿಂತಾವ್ರೀ. ನೀವು ಗಿಡಾನ ಕಡದ್ರಿ, ಏನ್ ತಿಂದ್ರಿ?"

ಆದರೂ ದಾರಿ ತೋರಿಸಿದವನು ಅವನೇ. ಮಕ್ತಲ್ ದಾರಿಯಲ್ಲಿ ಅವರ ಬೀರಪ್ಪನ ಗುಡಿಯ ಮುಂದೆ ಹುಣಸೆಮರಗಳ ಸಾಲಿತ್ತು. ದೇವರ ಮರವೆಂದು ಯಾರೂ ಕೊಡಲಿ ಮುಟ್ಟಿಸಿರಲಿಲ್ಲ. ಹೊಸ ಹಾಸನ್ನು ಅಲ್ಲಿಗೆ ಒಯ್ದೆವು. ನೆರಳು ತಂಪಾಗಿತ್ತು, ಗಂಜಿ ಹದವಾಗಿ ಹಿಡಿಯಿತು. ಅಲ್ಲೂ ಕಾಗೆಗಳಿದ್ದವು, ಸಾಲದ್ದಕ್ಕೆ ಮಾವನ ಇಡೀ ಹಿಂಡು ಜೋಳದ ಗಂಜಿಯ ವಾಸನೆ ಹಿಡಿದು ಬಂತು. ಒಂದು ಹೋತವಂತೂ ಮಗಳ ಸೀರೆಯ ಸೆರಗಾಗಬೇಕಿದ್ದ ತುದಿಯನ್ನೇ ನೆಕ್ಕಲು ನೋಡಿತು. ಕೋಲು ಹಿಡಿದು ಮಧ್ಯಾಹ್ನದವರೆಗೆ ಓಡಾಡಿದವನು ನಾನು. ಅಜ್ಜಿ ಎಲೆ ಅಡಿಕೆ ಮೆಲ್ಲುತ್ತ, ಆ ಬದಿ ಒಂದು ಬಂತು ನೋಡು ಎಂದು ಹೇಳುವ ಕೆಲಸವನ್ನಷ್ಟೇ ಮಾಡಿದಳು.

ಮಗಳು ಆ ಸೀರೆಯನ್ನೇ ಉಟ್ಟು ಹಸೆಗೆ ಕೂತಳು. ಬೀಗರು ಸೆರಗನ್ನು ತಿರುಗಿಸಿ ನೋಡಿ, ಆಡಿಕೊಳ್ಳಲು ಏನೂ ಸಿಗದೆ ಊಟಕ್ಕೆ ಎದ್ದರು.

ಮುಂದಿನ ಮಳೆಗಾಲದಲ್ಲಿ ಮಾವ ಒಂದು ಬೇವಿನ ಸಸಿ ತಂದು ಅದೇ ಜಾಗದಲ್ಲಿ ನೆಟ್ಟ. ಸುತ್ತ ಜಾಲಿಮುಳ್ಳು ಕಟ್ಟಿದ, ತನ್ನ ಆಡುಗಳಿಗೇ ಹೆದರಿ. ಹೋದ ವರ್ಷ ಅದರ ಮೇಲೆ ಮೊದಲ ಕಾಗೆ ಕೂತಿತು. ಹೆಂಡತಿ ನನ್ನನ್ನು ಹೊರಗೆ ಕರೆದು ತೋರಿಸಿದಳು.