ನಕ್ಷತ್ರಕ್ಕೆ ಬಿಟ್ಟ ಮನೆ

ಹುಡಗಿ ಎಂಬ ಗ್ರಾಮದ ರತ್ನಮಾಲಾ ಹತ್ತು ವರ್ಷಗಳಲ್ಲಿ ಎಂಟು ಮನೆಗಳಲ್ಲಿ ವಾಸ ಮಾಡಿದಳು. ಎಂಟೂ ಬೇರೆಯವರವು, ಎಂಟೂ ಒಂದೊಂದು ಸಾವನ್ನು ಕಂಡು, ಮನೆಯವರು ಬೀಗ ಹಾಕಿ ಬಿಟ್ಟುಹೋದವು.

ನಮ್ಮ ಹುಮನಾಬಾದ, ಬಸವಕಲ್ಯಾಣದ ಸೀಮೆಯಲ್ಲಿ ಕೆಟ್ಟ ನಕ್ಷತ್ರದಲ್ಲಿ ಯಾರಾದರೂ ತೀರಿಕೊಂಡರೆ ಮನೆಯನ್ನು ಮೂರು ತಿಂಗಳೋ ಆರು ತಿಂಗಳೋ ಬಿಡುವ ರೂಢಿಯುಂಟು. ಬಾಗಿಲಿಗೆ ಜಾಲಿಯ ಮುಳ್ಳು ಸಿಕ್ಕಿಸಿ ಹೊರಟ ಮನೆಯವರು ನೆಂಟರ ಪಡಸಾಲೆಯಲ್ಲೋ ಬಾಡಿಗೆಯ ಕೋಣೆಯಲ್ಲೋ ದಿನ ನೂಕುತ್ತಾರೆ. ಆಕಾಶದ ದೀಪಗಳನ್ನೆಲ್ಲ ಹಚ್ಚಿದ ಕೈ ಒಂದೇ ಆಗಿರುವಾಗ ಅವುಗಳಲ್ಲೊಂದು ಮನೆಹಾಳು ಹೇಗಾದೀತು? ಶರಣರ ಪಾದಧೂಳಿ ಬಿದ್ದ ನೆಲದಲ್ಲಿ ಈ ಅಂಜಿಕೆ ಇನ್ನೂ ಬೇರುಬಿಟ್ಟು ಕುಳಿತಿದೆ ಎಂಬುದನ್ನು ನೆನೆದರೆ ಜೀವಕ್ಕೆ ಆಯಾಸವಾಗುತ್ತದೆ.

ಆ ಅಂಜಿಕೆಯೇ ರತ್ನಮಾಲಾಳಿಗೆ ಅನ್ನವಾಯಿತು. ತೊಂಬತ್ತಮೂರರ ಭೂಕಂಪದಲ್ಲಿ ಅವಳ ಮಣ್ಣಿನ ಮನೆ ಕುಸಿಯಿತು. ಗಂಡ ನರಸಿಂಗ ಅದಕ್ಕೂ ಎರಡು ವರ್ಷ ಮೊದಲೇ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಅದೇ ಭೂಕಂಪ ಉಳ್ಳವರ ಎದೆಯನ್ನೂ ನಡುಗಿಸಿತ್ತು. ಹುಮನಾಬಾದದ ವಿಮೆ ಏಜೆಂಟ ತುಳಜಾರಾಮನ ಬಳಿಗೆ, ಮನೆಗೆ ವಿಮೆ ಮಾಡಿಸಲೆಂದು ಜನ ತಾವಾಗಿಯೇ ಬರತೊಡಗಿದರು. ಆದರೆ ವಿಮೆಯ ಕಾಗದದಲ್ಲಿ ಒಂದು ಷರತ್ತಿತ್ತು: ಮೂವತ್ತು ದಿನಕ್ಕಿಂತ ಹೆಚ್ಚು ಕಾಲ ಮನೆಯಲ್ಲಿ ಯಾರೂ ವಾಸವಿಲ್ಲದಿದ್ದರೆ, ಕಂಪನಿಯ ಒಪ್ಪಿಗೆಯೂ ಇಲ್ಲದಿದ್ದರೆ, ವಿಮೆ ಅಲ್ಲಿಗೇ ನಿಂತುಹೋಗುತ್ತದೆ. ನಕ್ಷತ್ರ ಆರು ತಿಂಗಳು ಹೊರಗಿರು ಎನ್ನುತ್ತಿತ್ತು. ಕಂಪನಿ ಒಂದು ತಿಂಗಳಿಗೇ ಒಳಗೆ ಬಾ ಎನ್ನುತ್ತಿತ್ತು. ಅಂಥ ಮನೆಯಲ್ಲಿ ಮಲಗುವ ಧೈರ್ಯದವರನ್ನು ಹುಡುಕುತ್ತ ತುಳಜಾರಾಮ ಹುಡಗಿಗೆ ಬಂದ. ರತ್ನಮಾಲಾ ತೊಗರಿಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು.

“ಅಂಥಾ ಮನ್ಯಾಗ ಇರಾಕ ಅಂಜಿಕಿ ಬರಂಗಿಲ್ಲೇನ್, ಬಾಯಿ?”

“ನಾವು ಬುದ್ಧನ ಮಂದಿ ಆದಾಗ ಪಂಚಾಂಗ ಬಿಟ್ಟೀವ್ರಿ. ಮಳಿ ಬಂದ್ರ ಸೋರಬಾರ್ದು, ಅಷ್ಟ ಸಾಕು.”

“ಸತ್ತವ್ರು ಬಂದ್ರ?”

“ಬರ್ಲಿ ಬಿಡ್ರಿ. ಬದುಕಿದ್ದವ್ರಂತೂ ಯಾರೂ ಬರವಲ್ರು. ಮಾತಾಡಾಕ ಒಬ್ರರೆ ಆಗ್ತಾರ.”

ಹೀಗೆ ಶುರುವಾಯಿತು. ಹುಮನಾಬಾದದಲ್ಲಿ ಐದು ಮನೆ, ರಾಜೇಶ್ವರದಲ್ಲಿ ಒಂದು, ಬಸವಕಲ್ಯಾಣದಲ್ಲಿ ಒಂದು. ಮನೆಯವರು ಒಳಕೋಣೆಗಳಿಗೂ ಅಡುಗೆಮನೆಗೂ ಬೀಗ ಹಾಕಿ, ಬೀದಿಯ ಕಡೆಯ ಕೋಣೆಯೊಂದನ್ನು ಅವಳಿಗೆ ಬಿಡುತ್ತಿದ್ದರು. ಅವಳು ಕಸ ಗುಡಿಸುತ್ತಿದ್ದಳು, ಸಂಜೆ ದೀಪ ಹಚ್ಚುತ್ತಿದ್ದಳು, ಗೆದ್ದಲು ಏರದಂತೆ ಗೋಡೆ ನೋಡುತ್ತಿದ್ದಳು. ಅವಧಿ ಮುಗಿದು ಶಾಂತಿ ಮಾಡಿಸುವ ದಿನ, ಪುರೋಹಿತರು ಬರುವುದಕ್ಕಿಂತ ಮೊದಲೇ ಗಂಟು ಹೊತ್ತು ಹಿತ್ತಲಿನಿಂದ ಹೊರಡಬೇಕಾಗಿತ್ತು. ಅವಳು ಮಲಗಿದ ಜಾಗವನ್ನು ಅವರು ಮೂರು ಸಲ ತೊಳೆಯುತ್ತಿದ್ದರೆಂದು ಅವಳಿಗೆ ಗೊತ್ತಿತ್ತು. ಮೊದಮೊದಲು ನೋಯುತ್ತಿತ್ತು, ಆಮೇಲೆ ಮಂಡಿಯ ನೋವು ಅದಕ್ಕಿಂತ ದೊಡ್ಡದಾಯಿತು. ಎರಡು ಮನೆಗಳ ನಡುವೆ, ಯಾವ ಸಾವೂ ಅವಳನ್ನು ಕರೆಯದ ತಿಂಗಳುಗಳಲ್ಲಿ, ಹುಡಗಿಯ ಸಮಾಜಮಂದಿರದ ಕಟ್ಟೆಯೇ ಅವಳ ಮನೆ. ಯಾರದೋ ಸಾವಿಗಾಗಿ ಕಾಯಬಾರದೆಂದು ಅವಳು ಪ್ರತಿದಿನ ಮನಸ್ಸಿಗೆ ಬುದ್ಧಿ ಹೇಳುತ್ತಿದ್ದಳು. ಹಾಗೆ ಹೇಳಿಕೊಳ್ಳಬೇಕಾಗಿ ಬರುವುದೇ ಎಂಥ ದಣಿವು!

ಎಂಟನೆಯದು, ಎರಡು ಸಾವಿರದ ಮೂರರಲ್ಲಿ, ಬಸವಕಲ್ಯಾಣದ ಕಾಳಿನ ವ್ಯಾಪಾರಿ ಓಂಪ್ರಕಾಶನ ಮನೆ. ಅವನ ತಂದೆ, ಆರು ತಿಂಗಳು ಮನೆ ಬಿಡಿಸುವ ಧನಿಷ್ಠಾ ನಕ್ಷತ್ರದಲ್ಲಿ ಕಣ್ಣುಮುಚ್ಚಿದರು. ತಾಯಿ ಸುಂದರಬಾಯಿಯನ್ನು ಕರೆದುಕೊಂಡು ಅವನು ಎರಡು ಓಣಿಯಾಚೆ ಬಾಡಿಗೆಗೆ ಹೋದ. ಮನೆಯಲ್ಲಿ ರತ್ನಮಾಲಾ ವಾಸವಿದ್ದಾಳೆಂದು ತುಳಜಾರಾಮ ಕಂಪನಿಗೆ ಪತ್ರ ಬರೆದ. ಆದರೆ ಓಂಪ್ರಕಾಶ ಬೀದಿಯ ಕೋಣೆಯನ್ನೂ ಬಿಡಲಿಲ್ಲ.

“ದೇವರ ಮನಿ ಪಡಸಾಲಿಗೆ ಹತ್ತಿಕೊಂಡ ಅದ. ನೀ ಹಿಂದ ದನದ ಕೊಟ್ಟಿಗ್ಯಾಗ ಇರು.”

“ಕಾಗದದಾಗ ಮನಿ ಅಂತ ಬರ್ದಾರಲ್ರಿ, ಸಾವ್ಕಾರ್ರ?”

“ಕೊಟ್ಟಿಗಿ ಏನ್ ಬ್ಯಾರೆ ಊರಾಗ ಅದ?”

ದನಗಳನ್ನು ಹೊಲಕ್ಕೆ ಸಾಗಿಸಿದ್ದರಿಂದ ಕೊಟ್ಟಿಗೆ ಖಾಲಿಯಿತ್ತು. ಅವಳು ಸಗಣಿ ಸಾರಿಸಿ, ಮೂರು ಕಲ್ಲು ಹೂಡಿ, ಒಲೆ ಮಾಡಿಕೊಂಡಳು. ಮಾತು ಬೆಳೆಸುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ನಾಲ್ಕನೆಯ ತಿಂಗಳಿನ ಒಂದು ಮಟಮಟ ಮಧ್ಯಾಹ್ನ, ಹಳೆಯ ವಿದ್ಯುತ್ ತಂತಿಯ ಕಿಡಿಯೊಂದು ನಡುಮನೆಯ ಮರದ ಮಾಳಿಗೆಗೆ ತಗುಲಿತು. ಹೊಗೆಯ ವಾಸನೆಗೆ ರತ್ನಮಾಲಾ ಓಡಿಬಂದಳು. ಮುಂಬಾಗಿಲಿಗೆ ಬೀಗ, ಹಿಂಬಾಗಿಲಿಗೆ ಬೀಗ. ಕಿಟಕಿಯ ಸರಳುಗಳ ನಡುವಿನಿಂದ ಕೊಡಗಟ್ಟಲೆ ನೀರು ಎರಚಿದಳು, ಗಂಟಲು ಹರಿಯುವಂತೆ ಕೂಗಿದಳು. ಪಕ್ಕದ ತಗಡಿನ ಅಂಗಡಿಯ ಯುನೂಸ್ ಸುತ್ತಿಗೆ ತಂದು ಬೀಗ ಒಡೆಯುವಷ್ಟರಲ್ಲಿ ತೊಲೆಗಳು, ಮಂಚ, ಕಪಾಟುಗಳು ಕೆಂಡವಾಗಿದ್ದವು. ಮುಂದಿನ ಪಡಸಾಲೆಯೂ ಅಡುಗೆಮನೆಯೂ ಮಸಿ ಹಿಡಿದು ಉಳಿದುಕೊಂಡವು.

ನಷ್ಟದ ಲೆಕ್ಕ ನೋಡಲು ಕಂಪನಿಯ ಸರ್ವೇಯರ್ ಸೋಮವಾರ ಬರುವವನಿದ್ದ. ಭಾನುವಾರ ಬೆಳಿಗ್ಗೆ ಓಂಪ್ರಕಾಶ, ತುಳಜಾರಾಮ, ಸುಂದರಬಾಯಿ ಮೂವರೂ ಬಂದರು.

“ಒಳಗ ಇದ್ದೆ, ಒಳಗ ಅಡಗಿ ಮಾಡ್ಕೊಂಡು ಉಂಡೆ ಅಂತ ಹೇಳಬೇಕು. ತಿಳೀತಿಲ್ಲೋ?” ಎಂದ ಓಂಪ್ರಕಾಶ.

“ಕೊಟ್ಟಿಗಿ ಅಂದಿ ಅಂದ್ರ ಕ್ಲೇಮು ಮುಳಗ್ತದ, ಬಾಯಿ,” ಎಂದ ತುಳಜಾರಾಮ, ಬೆವರು ಒರೆಸಿಕೊಳ್ಳುತ್ತ. “ನನ್ನ ಏಜೆನ್ಸಿನೂ ಮುಳಗ್ತದ. ಆಮ್ಯಾಲ ನಿನಗ ಯಾರ್ ಮನಿ ಕೊಡ್ತಾರ? ವಿಚಾರ ಮಾಡು.”

ವಿಚಾರ ಮಾಡುವುದೇನಿತ್ತು? ಹೂಂ ಎಂದರೆ ತಲೆಯ ಮೇಲೆ ಇನ್ನಷ್ಟು ವರ್ಷ ಯಾರದೋ ಮಾಳಿಗೆ; ಇಲ್ಲವೆಂದರೆ ಸಮಾಜಮಂದಿರದ ಕಟ್ಟೆ, ಸಾಯುವ ತನಕ.

ಒಳಗಿದ್ದೆ ಎನ್ನುವವಳಿಗೆ ಮನೆ ಗೊತ್ತಿರಬೇಕಲ್ಲ. ಅದನ್ನು ತೋರಿಸುವ ಕೆಲಸ ಸುಂದರಬಾಯಿಯ ಪಾಲಿಗೆ ಬಂತು. ಹೊಸ್ತಿಲ ಬಳಿ ಮುದುಕಿ ತಡೆದು ನಿಂತಳು. ನಕ್ಷತ್ರದ ಅವಧಿ ಇನ್ನೂ ಎರಡು ತಿಂಗಳಿತ್ತು. “ಹೋಗವ್ವಾ, ಐದು ಮಿನಿಟಿಗಿ ಏನೂ ಆಗಂಗಿಲ್ಲ,” ಎಂದ ಮಗ.

ಇಬ್ಬರು ವಿಧವೆಯರೂ ಬೂದಿ ತುಳಿಯುತ್ತ ಒಳಗೆ ನಡೆದರು.

“ಇದು ಅಡಗಿಮನಿ. ಹಿಟ್ಟಿನ ಡಬ್ಬಿ ಇಲ್ಲಿರ್ತದ. ಉಪ್ಪು ಈ ಮಾಡದಾಗ.” ಪಡಸಾಲೆಯ ಮೂಲೆಗೆ ಬರುವಾಗ ಸುಂದರಬಾಯಿಯ ದನಿ ಇಳಿಯುತ್ತ ಹೋಯಿತು. “ನೀ ಮಲಗೂದು... ಇಲ್ಲಿ ಅಂತ ಹೇಳು.”

“ಇಲ್ಲಿ ಗಾಳಿ ಛಲೋ ಬರ್ತದಲ್ರಿ,” ಎಂದಳು ರತ್ನಮಾಲಾ.

ಮುದುಕಿ ಹಿಂದಿನ ಕೊಟ್ಟಿಗೆಯ ಕಡೆ ತಿರುಗಿ ನೋಡಿದಳು. ನಾಲ್ಕು ತಿಂಗಳು ಈ ಹೆಂಗಸು ಎಲ್ಲಿ ಮಲಗಿದ್ದಳೆಂದು ತಾನು ಒಮ್ಮೆಯೂ ಕೇಳಲಿಲ್ಲವೆಂಬುದು ಆಗ ಅವಳ ಮುಖದಲ್ಲಿ ಕಂಡಿತು.

ಸೋಮವಾರ ಸರ್ವೇಯರ್ ಬಂದ. ಸಭ್ಯ, ಆತುರವಿಲ್ಲದ ಮನುಷ್ಯ. ಸುಟ್ಟ ತೊಲೆಗಳ ಫೋಟೊ ತೆಗೆದು, ಪಡಸಾಲೆಯಲ್ಲಿ ನಿಂತು ಕೇಳಿದ: “ನೀವು ಅಡಿಗೆ ಎಲ್ಲಿ ಮಾಡ್ತಿದ್ರಿ, ತಾಯಿ?”

ರತ್ನಮಾಲಾ ಹಿತ್ತಲಿನ ಕಡೆ ಕೈ ತೋರಿಸಿದಳು. “ಹಿಂದ ಕೊಟ್ಟಿಗ್ಯಾಗ್ರಿ. ಮೂರು ಕಲ್ಲು ಅದಾವ, ನೋಡ್ರಿ.”

“ಆಕಿಗಿ ತಿಳಿಯಂಗಿಲ್ರಿ ಸಾಹೇಬ್ರ, ಅಂಜ್ಯಾಳ!” ಎಂದು ಓಂಪ್ರಕಾಶ ನಡುವೆ ಬಂದ.

“ತಿಳೀತದ್ರಿ. ಅಡಗಿಮನಿ ಬಲಕ್ಕ, ಉಪ್ಪು ಮಾಡದಾಗ, ಹಾಸಗಿ ಇಲ್ಲಿ. ನಿನ್ನೆ ಎಲ್ಲಾ ತೋರ್ಸ್ಯಾರ. ಈ ಮನ್ಯಾಗ ನಾ ಕಾಲಿಟ್ಟಿದ್ದೇ ನಿನ್ನೆ.” ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಹೊರೆ ಇಳಿಸುವವಳ ಉಸಿರಿತ್ತು. “ಒಳಗ ಕರದ್ರು ಅಂತ ಹ್ಯಾಂಗ ಹೇಳ್ಲಿ, ಸಾಹೇಬ್ರ? ಕರದಿದ್ರ ನಾ ಬೆಂಕಿ ಆರಸ್ತಿದ್ದೆ.”

ಸರ್ವೇಯರ್ ಕೊಟ್ಟಿಗೆ ನೋಡಿದ, ಮೂರು ಕಲ್ಲು ನೋಡಿದ. ಮನೆ ನಾಲ್ಕು ತಿಂಗಳಿನಿಂದ ವಾಸವಿಲ್ಲದೆ ಖಾಲಿಯಿತ್ತೆಂದು ಬರೆದುಕೊಂಡು ಹೊರಟುಹೋದ. ಸತ್ಯ ನುಡಿದವಳ ಮೇಲೆ ಹೂಮಳೆ ಸುರಿಯಲಿಲ್ಲ. ಶಿವನ ಮೆಚ್ಚುಗೆ ಹಲವು ಸಲ ಸದ್ದಿಲ್ಲದೆಯೇ ಬರುತ್ತದೆ.

ತುಳಜಾರಾಮ ಕಟ್ಟೆಯ ಮೇಲೆ ಕುಸಿದು ಕುಳಿತ. “ಹತ್ತು ವರ್ಷದ ಋಣ ಇವತ್ತಿಗಿ ಮುಗೀತು, ಬಾಯಿ. ಇನ್ನ ನಿನ್ನ ಯಾರೂ ಕರ್ಯಂಗಿಲ್ಲ.”

“ಗೊತ್ತದ್ರಿ.”

“ಗಂಟು ಕಟ್ಟು. ಜಲ್ದಿ ನಡಿ!” ಎಂದು ಗದರಿದ ಓಂಪ್ರಕಾಶ.

“ಉಂಡು ಹೋಗ್ಲಿ,” ಎಂದಳು, ಮಗನೊಡನೆ ಬಂದು ಅಂಗಳದಲ್ಲಿ ನಿಂತಿದ್ದ ಸುಂದರಬಾಯಿ. ಮೆಟ್ಟಿಲು ಹತ್ತಿ, ಸೀದಾ ಅಡುಗೆಮನೆಗೆ ಹೋಗಿ, ಮಸಿ ಹಿಡಿದ ಒಲೆಯನ್ನು ಸೆರಗಿನಿಂದಲೇ ಒರೆಸತೊಡಗಿದಳು.

“ಅವ್ವಾ! ಇನ್ನೂ ಎರಡು ತಿಂಗಳು ನಕ್ಷತ್ರ—”

“ನಿನ್ನೆ ಸುಳ್ಳು ಕಲಿಸಾಕ ನನ್ನ ಒಳಗ ಕಳಸಿದೆಲ್ಲ, ಆಗ ಎಲ್ಲಿ ಹೋಗಿತ್ತೋ ನಿನ್ನ ನಕ್ಷತ್ರ?”

ಓಂಪ್ರಕಾಶ ಅಂಗಡಿಯ ಕಡೆ ನಡೆದುಬಿಟ್ಟ. ರತ್ನಮಾಲಾ ಅಡುಗೆಮನೆಯ ನೆಲದಲ್ಲಿ ಕುಳಿತು ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡಳು. ಹುಡಗಿಯ ಕಡೆಗೆ ಹೋಗುವ ಬಸ್ಸು ನಾಲ್ಕಕ್ಕಿತ್ತು. ಅಲ್ಲಿಯವರೆಗೆ ಬೆನ್ನು ಚಾಚುತ್ತೇನೆಂದು ಗಾಳಿ ಬರುವ ಆ ಮೂಲೆಯಲ್ಲಿ ಒರಗಿದವಳಿಗೆ ಹತ್ತು ವರ್ಷದ ನಿದ್ದೆ ಒಮ್ಮೆಗೇ ಬಂತು. ನಾಲ್ಕು ಹೊಡೆಯಿತು, ಬಸ್ಸೂ ಹೋಯಿತು.

ಸಂಜೆ ಓಂಪ್ರಕಾಶ ಬಂದಾಗ ತಾಯಿ ಹೊಸ್ತಿಲ ಮೇಲೆ ಕುಳಿತಿದ್ದಳು.

“ಹ್ವಾದಳೇನು ಆಕಿ?” ಎಂದು ಗಟ್ಟಿಯಾಗಿ ಕೇಳಿದ.

“ಮೆಲ್ಲಗ ಮಾತಾಡು,” ಎಂದಳು ಸುಂದರಬಾಯಿ. “ಮನ್ಯಾಗ ಮಂದಿ ಮಲಗ್ಯಾರ.”