ದನಗಳ ಸುದ್ದಿ ಮೊದಲು

ಸುದ್ದಿ ಹೇಳುವ ಮುನ್ನ ನನ್ನ ಸೋದರಮಾವ ಗಂಟಲಲ್ಲಿ ಹೊರಡಿಸುತ್ತಿದ್ದ ಸದ್ದು, ಒಣ ತೆಂಗಿನಗರಿಯನ್ನು ನೆಲದ ಮೇಲೆ ಎಳೆದಂಥದ್ದು, ಈ ಮುದಿ ಕಿವಿಯಲ್ಲಿ ಇನ್ನೂ ಇದೆ. ಅದರ ಹಿಂದೆಯೇ ಬರುತ್ತಿದ್ದುದು ದನಗಳ ಕ್ಷೇಮ. ಕಂಬಂ ಕಣಿವೆಯ ನಮ್ಮ ಕನ್ನಡದ ಮನೆಗಳಲ್ಲಿ ಅದೇ ಪದ್ಧತಿ: ಮೊದಲು ಕೊಟ್ಟಿಗೆ, ಆಮೇಲೆ ಬಾವಿ, ಹೊಲ; ಮನುಷ್ಯರ ಸರದಿ ಕಟ್ಟಕಡೆಗೆ. ಕೇಳುವವಳು ಬಲ್ಲದ್ದನ್ನು ಮುಂದೆ ನಡೆಸಿ, ಅರಿಯದ್ದನ್ನು ಅದರ ನೆರಳಲ್ಲಿ ಮೆಲ್ಲಗೆ ಕರೆತರುವ ಆ ಮಾತಿನ ನಡಿಗೆ ದಯೆಯೋ ಕಪಟವೋ, ನನಗೆ ಇವತ್ತಿಗೂ ಡೌಟು.

ದಿಂಡಿಗಲ್ಲಿನ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದು ಇದರ ತದ್ವಿರುದ್ಧ. ಕಾಂಪೊಸಿಷನ್ನಿನ ಮೊದಲ ಸಾಲಿನಲ್ಲೇ ಹೊಸ ಸಂಗತಿ ಇರದಿದ್ದರೆ ಕೆಂಪು ಶಾಯಿ. ನೀವೇ ಹೇಳಿ, ಹನ್ನೆರಡರ ಹುಡುಗಿ ಯಾವುದನ್ನು ನಂಬಬೇಕು? ನಾನು ಎರಡನ್ನೂ ನಂಬದೆ, ಯಾರು ಬಾಯಿ ತೆರೆದರೂ ವಾಕ್ಯದ ಬಾಲವನ್ನೇ ಕಾಯುವವಳಾದೆ. ಕಾರಣವೂ ಇತ್ತು. ಹಿಂದಿನ ವರ್ಷ ಅಜ್ಜಿಗೆ ಕಾಯಿಲೆಯೆಂದು ಕರೆದೊಯ್ದು ನನ್ನನ್ನು ಗಂಡಿನವರ ಮುಂದೆ ಕೂರಿಸಿದ್ದರು.

ನನಗೆ ಹನ್ನೆರಡಾದ ಆ ವರ್ಷ ಮಾಮ ಕಾನ್ವೆಂಟಿನ ವೆರಾಂಡಾ ಹತ್ತಿದವನೇ, ತಾಯಿಯಿಲ್ಲದ ನನ್ನನ್ನು ಸಾಕಿದ ಅಕ್ಕನ ಹೆಸರೆತ್ತಿದ. ಮುದ್ದಿಗೆ ನನ್ನನ್ನು ಅವನು ಕರೆಯುತ್ತಿದ್ದುದು ಕಣ್ಣು ಎಂದೇ.

"ಅಕ್ಕನ್ಗೆ ಒಡಂಬು ಸರಿಯಿಲ್ಲ ಕಣ್ಣು, ಹಾಸ್ಗೆ ಹಿಡ್ದವ್ಳೆ. ನಿನ್ನೇ ಕೇಳ್ತಾಳೆ, ಬಾ."

"ಹಸು ಹೆಂಗವೆ ಮಾಮ?"

"ಹಸು ಹಾಳಾಗ್ಲಿ! ದೊರೆಸಾನಿ ಓದು ಓದೋಳು, ಸುತ್ತಿ ಬಳಸಿದ್ರೆ ಸಿಡುಕ್ತೀಯ ಅಂತ ನೇರ ಹೇಳ್ದೆ."

"ದನ ಬಿಟ್ಟು ಬಂದ ಸುದ್ದಿ ಸುಳ್ಳು. ಈ ಸಲ ಗಂಡು ಯಾವೂರೋನು, ಕಾಮಯಗೌಂಡನ್‌ಪಟ್ಟಿಯೋನಾ?"

ಪಕ್ಕದಲ್ಲಿದ್ದ ಸಿಸ್ಟರ್, ಕಳಿಸಲೇ ಎಂಬಂತೆ ನನ್ನ ಮುಖ ನೋಡಿದರು. ಒಲ್ಲೆನೆಂದು ತಲೆಯಾಡಿಸಿದೆ. ಮಾಮ ಹೆಗಲ ವಸ್ತ್ರ ಕೊಡವಿ ಇಳಿದುಹೋದ. ನಮಗಾಗಿ ಒಬ್ಬರು ತಮ್ಮ ಮಾತಿನ ಕ್ರಮವನ್ನೇ ಬದಲಿಸಿಕೊಂಡರೆ ಅದು ಪ್ರೀತಿಯೂ ಇದ್ದೀತೆಂದು ಅನುಮಾನದ ಬುದ್ಧಿಗೆ ಎಲ್ಲಿ ಹೊಳೆಯಬೇಕು?

ಹತ್ತು ದಿನ ಕಳೆದು ಮತ್ತೆ ಬಂದ. ನೀರು ತಂದುಕೊಟ್ಟೆ.

"ಕೆಂದಿ ಈದವ್ಳೆ ಕಣ್ಣು" ಎಂದು ಶುರುಮಾಡಿದ. "ಹೆಣ್ಣುಗರು. ಬಿಳಿ ಹಸೂಗೆ ಕಾಲು ವಾಸಿಯಾಯ್ತು."

ನನಗೆ ತಿಳಿದುಹೋಯಿತು. ಆದರೂ ಕರುವಿನ ಬಣ್ಣ ಕೇಳಿದೆ, ಹೋರಿಯ ಕೊಂಬು ಕೇಳಿದೆ. ಕೊಟ್ಟಿಗೆಯ ಸುದ್ದಿ ಮುಗಿಯುವವರೆಗೆ ನನ್ನ ಪಾಲಿಗೆ ಅಕ್ಕ ಬದುಕಿದ್ದಳು. ಮಾಮನೂ ಅವಸರಿಸಲಿಲ್ಲ. ಮುಂದೆಂದೂ ಅವನು ನನ್ನನ್ನು ಕರೆಯಲು ಬರಲಿಲ್ಲ. ಕರೆದಿದ್ದರೂ ಹೋಗುವ ಮುಖ ನನಗಿರಲಿಲ್ಲ. ಅವನನ್ನು ಕೊನೆಯ ಸಲ ಕಂಡದ್ದು ಹಾಗೆಯೇ: ಕುಡಿಯದ ನೀರಿನ ಲೋಟ ಹಿಡಿದು ನಿಂತು, ನಾವು ಎಂದೋ ಮಾರಿದ್ದ ಮುದಿ ಎತ್ತು ಕೂಡ ಚೆನ್ನಾಗಿ ಮೇಯುತ್ತಿದೆ ಎನ್ನುತ್ತ.